ಕಿವಿಯಲ್ಲಿ ಕಬ್ಬಿಣ ನೋಡಿದವರು

ಕೊಡಗಿನಲ್ಲಿ ಸಾವಿನ ಸುದ್ದಿ ಹೇಳುವ ಕೆಲಸ ಹಿಂದಿನಿಂದಲೂ ಕೋವಿಯದು. ಈಗ ಕೋವಿಗಿಂತ ಮೊದಲು ವಾಟ್ಸಾಪ್ ಹೇಳಿಬಿಡುತ್ತದೆ. ಆ ದಿನ ಬೆಳಿಗ್ಗೆಯೂ ಊರ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದು ಮುಗಿದ ಮೇಲೆ, ಮೇಲಿನ ತೋಟದ ಕಡೆಯಿಂದ ಜೋಡಿ ಗುಂಡಿನ ಸದ್ದು ಕೇಳಿಸಿತು. ಇವರು, ಅಂದರೆ ನನ್ನ ಗಂಡ, ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು. “ಮಾವ ಹೋದ್ರು” ಅಂದರು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಬರಲಿಲ್ಲ. ನಾನು ಇವರ ಎಡ ಭುಜವನ್ನೇ ನೋಡುತ್ತಾ ನಿಂತಿದ್ದೆ. ಆ ಭುಜ ಈಗಲೂ ಪೂರ್ತಿ ಮೇಲೆ ಏಳುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ತೋಳು ಹಿಡಿಯಲು ನಾನು ಬೇಕು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಸರಿ. ಒಳ್ಳೆಯದು ಆಡಲು ಊರಿಡೀ ಇದೆ. ಅವರೆಲ್ಲ ಆಡಿ ಮುಗಿಸಿದ ಮೇಲೆ ಉಳಿದದ್ದನ್ನಾದರೂ ಯಾರೋ ಒಬ್ಬರು ಹೇಳಬೇಕಲ್ಲ.

ಊರಿಗೆಲ್ಲ ಅವರು ‘ಸುಬೇದಾರ್ ಮಾವ’. ಯಾರಿಗೂ ಮಾವನಲ್ಲ, ಸುಬೇದಾರರೂ ಅಲ್ಲ. ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬಂದವರು. ಬಡ್ತಿ ಕೊಟ್ಟದ್ದು ನಮ್ಮ ಊರು. ಅವರು ಬೇಡ ಅನ್ನಲಿಲ್ಲ. ನಮ್ಮಲ್ಲಿ ಮಿಲಿಟರಿ ಅಂದರೆ ಸಾಕು, ಮುಂದಿನ ಪ್ರಶ್ನೆ ಇಲ್ಲ. ಮಿಲಿಟರಿ ರಮ್ಮು ಒಳ್ಳೆಯದು, ಮಿಲಿಟರಿ ಕಂಬಳಿ ಒಳ್ಳೆಯದು, ಮಿಲಿಟರಿಯಿಂದ ಬಂದವರ ಮಾತಂತೂ ವೇದ. ಮನೆಗೊಬ್ಬರು ಸೈನ್ಯಕ್ಕೆ ಹೋಗಿ ಬಂದ ನಾಡಿದು, ಆ ಗೌರವವನ್ನು ನಾನು ಹಳಿಯುವುದಿಲ್ಲ. ನನ್ನ ಅಪ್ಪನೂ ಹೋಗಿ ಬಂದವರೇ. ಆದರೆ ಅಪ್ಪ ಅಡಿಗೆಮನೆಯ ಮಿಕ್ಸಿ ಕೆಟ್ಟರೆ ರಿಪೇರಿಯವನನ್ನು ಕರೆಯುತ್ತಿದ್ದರು, ತಾವೇ ಕೈ ಹಾಕುತ್ತಿರಲಿಲ್ಲ.

ಮಾವ ಕೈ ಹಾಕುತ್ತಿರಲಿಲ್ಲ, ಕಿವಿ ಹಾಕುತ್ತಿದ್ದರು. ಅವರ ಇಡೀ ವಿದ್ಯೆ ಇದ್ದದ್ದು ಕಿವಿಯಲ್ಲಿ. ಹಲಸಿನ ಹಣ್ಣು ಬಡಿದು ನೋಡುವುದು ಎಲ್ಲರೂ ಮಾಡುತ್ತಾರೆ. ಮಾವ ಹೆಂಚು ಬಡಿಯುತ್ತಿದ್ದರು, ಹಂಡೆ ಬಡಿಯುತ್ತಿದ್ದರು, ಹೊಸ ಮನೆಗೆ ಕರೆದರೆ ಗೋಡೆ ಬಡಿಯುತ್ತಿದ್ದರು. ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, “ಇನ್ನೊಂದು ಬಿಸಿಲು ಬೇಕು” ಅನ್ನುತ್ತಿದ್ದರು. ಮದುವೆಮನೆಯಲ್ಲಿ ವಾಲಗದವರ ಹತ್ತಿರ ಹೋಗಿ, ಊದುತ್ತಿದ್ದವನ ಎದುರಿಗೇ ಮುಖ ಹುಳ್ಳಗೆ ಮಾಡಿ ನಿಲ್ಲುತ್ತಿದ್ದರು. ಪಾಪ, ಅವನು ಇನ್ನೂ ತಪ್ಪು ಊದುತ್ತಿದ್ದ.

ಬಡಿಯುವ ಮುಂಚೆ ಒಂದು ಶಾಸ್ತ್ರವಿತ್ತು. ಬಲಗೈಯ ತೋರುಬೆರಳು ಎತ್ತುತ್ತಿದ್ದರು. ಸುತ್ತ ನಿಂತವರೆಲ್ಲ ಉಸಿರು ಹಿಡಿಯಬೇಕು. ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಟಣ್. ಸದ್ದು ಪೂರ್ತಿ ಆರುವವರೆಗೆ ಬೆರಳು ಕೆಳಗೆ ಇಳಿಯುತ್ತಿರಲಿಲ್ಲ. ಇಳಿದ ಮೇಲೆ ತೀರ್ಪು. “ಕಬ್ಬಿಣ ಸುಳ್ಳು ಹೇಳುದಿಲ್ಲ” ಎಂಬುದು ಅವರ ಪಲ್ಲವಿ. ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಅಳತೆಪಟ್ಟಿ ಇರುತ್ತಿತ್ತು. ಅದನ್ನು ಹೊರಗೆ ತೆಗೆದದ್ದನ್ನು ನಾನು ನೋಡಿದ್ದು ಬೆನ್ನು ತುರಿಸಿಕೊಳ್ಳುವಾಗ ಮಾತ್ರ.

ಊರಿನ ಜೀಪುಗಳ ಇಂಜಿನ್ನಿಗೆಲ್ಲ ಅವರೇ ಹೈಕೋರ್ಟು. ಸ್ವಂತ ಜೀಪು ಮಾತ್ರ ಇರಲಿಲ್ಲ. ಮಡಿಕೇರಿಗೆ ಹೋಗಬೇಕಾದರೆ ಯಾರದಾದರೂ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು, ದಾರಿಯುದ್ದಕ್ಕೂ ಅವನ ಇಂಜಿನ್ನಿನ ರೋಗ ಹೇಳುತ್ತಾ ಹೋಗುತ್ತಿದ್ದರು. “ಸೈನ್ಯದಲ್ಲಿ ಯಾವ ಕೆಲಸ ಮಾವ?” ಎಂದು ನಾನೊಮ್ಮೆ ಕೇಳಿದ್ದೆ. “ಕಬ್ಬಿಣ ಎಂಥದು, ಹಿತ್ತಾಳೆ ಎಂಥದು, ಎಲ್ಲ ಈ ಕಿವಿ ಪಕ್ಕದಲ್ಲೇ ಹಾದು ಹೋಗಿದೆ ಮಗಳೇ. ನಮ್ಮ ಬ್ಯಾರಕ್ಕಿನ ಗೋಡೆ ಆಚೆಗೇ ವರ್ಕ್‌ಶಾಪು” ಅಂದರು. ಇವರು ಭಕ್ತಿಯಿಂದ ತಲೆ ಆಡಿಸಿದರು. ಗೋಡೆಯ ಈಚೆಗೆ ಏನಿತ್ತು ಎಂದು ಯಾರೂ ಕೇಳಲಿಲ್ಲ.

ನಮ್ಮದು ಹಳೆಯ ಡೀಸೆಲ್ ಜೀಪು. ಇವರು ಅದರಲ್ಲಿ ಪ್ರವಾಸಿಗಳನ್ನು ಬೆಟ್ಟಕ್ಕೆ ಹತ್ತಿಸುತ್ತಾರೆ. ದಾರಿ ಅಂದರೆ ದಾರಿಯಲ್ಲ, ಕಲ್ಲು, ಕೊರಕಲು, ಒಂದು ಕಡೆ ಗೋಡೆಯಂಥ ಮಣ್ಣಿನ ದರೆ, ಇನ್ನೊಂದು ಕಡೆ ಇಣುಕಿದರೆ ಕಾಣುವುದು ಮಂಜು ಮಾತ್ರ. ಮಂಜು ಇಲ್ಲದ ದಿನ ಇಣುಕದಿರುವುದೇ ಒಳ್ಳೆಯದು. ಹಿಂದೆ ಯಾರ್ಯಾರದೋ ಮಕ್ಕಳು ಸರಳು ಹಿಡಿದು ನಿಂತು ಕೂಗುತ್ತಿರುತ್ತಾರೆ. ಇವರು ಹೊರಟ ಮೇಲೆ ತಿರುವು ದಾಟುವವರೆಗೂ ನಾನು ಸದ್ದು ಕೇಳುತ್ತಾ ನಿಲ್ಲುವುದು ಮದುವೆಯಾದಾಗಿನಿಂದ ಅಭ್ಯಾಸ.

ಒಂದು ಬೇಸಿಗೆಯ ಕೊನೆಗೆ ಇಂಜಿನ್ನಿನ ಹೊಟ್ಟೆಯಿಂದ ಟಕಟಕ ಶುರುವಾಯಿತು. ಮಡಿಕೇರಿಯ ಮೆಕ್ಯಾನಿಕ್ ರಜಾಕ್ ಬಿಚ್ಚಿ ನೋಡಿ ಕ್ರ್ಯಾಂಕ್‌ಶಾಫ್ಟ್ ಹೋಗಿದೆ ಅಂದ. ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿಯುವುದನ್ನು ತಿರುಗಣೆಯಾಗಿ ಮಾಡಿ ಚಕ್ರದ ಕಡೆಗೆ ಕಳಿಸುವ ದಪ್ಪ ಸರಳು ಅದು, ಇಂಜಿನ್ನಿನ ಬೆನ್ನುಮೂಳೆ. ಸವೆದಾಗ ಲೇತಿನಲ್ಲಿ ಕೊಟ್ಟು ಕೂದಲೆಳೆಯಷ್ಟು ತೆಳ್ಳಗೆ ಅರೆಸಿ, ಅದಕ್ಕೆ ಸರಿಯಾದ ದಪ್ಪ ಬೇರಿಂಗ್ ಹಾಕುತ್ತಾರೆ. ಹಾಗೆ ಅರೆಸುವುದಕ್ಕೂ ಒಂದು ಮಿತಿ ಇದೆ. ನಮ್ಮದು ಆ ಮಿತಿ ಮುಟ್ಟಿಯಾಗಿತ್ತು, ಬೇರೆ ಹಾಕಲೇಬೇಕು. “ಕಂಪೆನಿದು ಹೊಸತು ತನ್ನಿ ಚೇಚಿ, ಟೆನ್ಷನ್ ಇಲ್ಲ” ಅಂದ ರಜಾಕ್. ಅವನ ಮಲಯಾಳದಲ್ಲಿ ಅಕ್ಕ ಅಂದರೆ ಚೇಚಿ. ಆಗ ಗ್ಯಾರೇಜಿನ ಬಾಗಿಲಲ್ಲಿ ಕೋಲೂರಿದ ಸದ್ದು. ರಜಾಕ್ ಬಾಯಿ ಮುಚ್ಚಿ ಸ್ಪ್ಯಾನರ್ ಒರೆಸತೊಡಗಿದ.

“ಹೊಸತಾ? ಈಗಿನ ಹೊಸತರಲ್ಲಿ ಕಬ್ಬಿಣ ಎಲ್ಲಿದೆ? ಎಲ್ಲ ಡಬ್ಬದ ತಗಡು” ಅಂದರು ಮಾವ. “ವಿರಾಜಪೇಟೆ ಗುಜರಿಯಲ್ಲಿ ಮಿಲಿಟರಿ ಗಾಡಿದು ಒಂದು ಕ್ರ್ಯಾಂಕ್ ಬಂದಿದೆ. ನಾನು ನೋಡಿ ಬಂದೆ.”

ನೋಡಿ ಬಂದದ್ದಲ್ಲ, ಕೇಳಿ ಬಂದದ್ದು. ಮರುದಿನ ನಾವೂ ಹೋದೆವು. ಗುಜರಿಯವನು ಅದನ್ನು ಹಗ್ಗಕ್ಕೆ ಕಟ್ಟಿ ಜಂತಿಗೆ ತೂಗುಹಾಕಿದ. ಬೆರಳು ಎದ್ದಿತು, ಕಣ್ಣು ಮುಚ್ಚಿತು, ಮಾವ ಸ್ಪ್ಯಾನರಿನಿಂದ ಮೆಲ್ಲಗೆ ಒಂದು ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಚಂದದ ನಾದ. ದೇವಸ್ಥಾನದ ಗಂಟೆಯ ಹಾಗೆ ಉದ್ದಕ್ಕೆ ಹರಿಯಿತು. ಬಿರುಕು ಬಿಟ್ಟ ಕ್ರ್ಯಾಂಕ್ ಒಡಕು ಮಡಕೆಯ ಹಾಗೆ ಸದ್ದು ಮಾಡುತ್ತದೆ, ಇದು ಮೆಕ್ಯಾನಿಕ್ಕುಗಳೂ ಮಾಡುವ ಪರೀಕ್ಷೆಯೇ. ಆದರೆ ಅವರು ಬಡಿದ ಮೇಲೆ ಬೇರೆ ಪರೀಕ್ಷೆಗಳನ್ನು ಶುರು ಮಾಡುತ್ತಾರೆ, ಮಾವ ಬಡಿದ ಮೇಲೆ ಬೀಡಿ ಹಚ್ಚುತ್ತಿದ್ದರು.

“ಇದನ್ನು ಎಷ್ಟು ಸಲ ಅರೆಸಿದ್ದಾರೆ ಮಾವ? ಅಳತೆ ನೋಡುದಿಲ್ವಾ?” ಅಂದೆ.

“ನಾದ ಕೇಳಿದ ಮೇಲೆ ಅಳತೆ ಎಂಥಕ್ಕೆ? ಇದೆಲ್ಲ ಹೆಣ್ಣುಮಕ್ಕಳಿಗೆ ತಿಳಿಯುದಿಲ್ಲ ಮಗಳೇ. ನೀನು ಒಳ್ಳೆ ಕಾಫಿ ಮಾಡ್ತಿ, ಅಷ್ಟು ಸಾಕು.”

ಇವರ ಕಡೆ ನೋಡಿದೆ. ಇವರು ನಮ್ಮ ಅರೆಭಾಷೆಯಲ್ಲಿ ಮೆಲ್ಲಗೆ, “ಅವ್ಕೆ ಗೊತ್ತುಟ್ಟು, ನೀ ಸುಮ್ನಿರ್” ಅಂದರು. ಅವರಿಗೆ ಗೊತ್ತಿದೆಯಂತೆ, ನಾನು ಬಾಯಿ ಮುಚ್ಚಬೇಕಂತೆ. ಬೆಟ್ಟ ಹತ್ತುವವರು ಇವರು, ಪ್ರಾಣ ಇವರದು, ಕುಂಕುಮ ನನ್ನದು, ತೀರ್ಪು ಮಾತ್ರ ಬೀಡಿ ಸೇದುತ್ತಾ ನಿಂತವರದು. ಎಂಥಾ ಲೆಕ್ಕ ಮಾರಾಯ್ರೇ!

ರಜಾಕ್ ಕ್ರ್ಯಾಂಕನ್ನು ತಿರುಗಿಸಿ ತಿರುಗಿಸಿ ನೋಡಿದ, ಕತ್ತು ಕೆರೆದುಕೊಂಡ. ಅದರ ಅಳತೆಗೆ ಬೇರಿಂಗ್ ತಂದು ಜೋಡಿಸಿಬಿಟ್ಟ. ಆಮೇಲೆ ಕೇಳಿದಾಗ, “ನನಗೆ ಡೌಟ್ ಇತ್ತು ಚೇಚಿ. ಆದ್ರೆ ಸುಬೇದಾರ್ ಸಾಹೇಬ್ರು ಓಕೆ ಮಾಡಿದ್ದಲ್ವಾ, ನಾನು ಹೇಗೆ ಹೇಳುದು?” ಅಂದ. ಡೌಟ್ ಇದ್ದವನು ಅವನು, ಹೇಳದೆ ಇದ್ದವನೂ ಅವನೇ. ಒಬ್ಬ ಮನುಷ್ಯನ ಬೆರಳು ಮೇಲೆದ್ದರೆ ಇಡೀ ಊರಿನ ನಾಲಗೆ ಕೆಳಗಿಳಿಯುತ್ತಿತ್ತು.

ಇಂಜಿನ್ ಸ್ಟಾರ್ಟ್ ಆಯಿತು. ಓಡಿತು, ಚೆನ್ನಾಗಿಯೇ ಓಡಿತು. ಮಾವ ಊರಿಡೀ ಹೇಳಿಕೊಂಡು ಬಂದರು. ಮಳೆಗಾಲ ಕಳೆದು ಪ್ರವಾಸಿಗಳು ಮತ್ತೆ ಬರತೊಡಗಿದ ಮೇಲೆ, ಒಂದು ಬೆಳಿಗ್ಗೆ ಬೆಟ್ಟದ ಕೊನೆಯ ಏರಿನಲ್ಲಿ ಠಕ್ ಎಂದು ಸದ್ದಾಗಿ ಇಂಜಿನ್ ನಿಂತುಹೋಯಿತು. ಕ್ರ್ಯಾಂಕ್ ಎರಡು ತುಂಡು. ಬ್ರೇಕ್ ಒತ್ತಿದರೂ ಜಲ್ಲಿಯ ಮೇಲೆ ಜೀಪು ಹಿಂದಕ್ಕೆ ಜಾರಿತು. ಇವರು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹಿಂಭಾಗವನ್ನು ದರೆಗೆ ಗುದ್ದಿಸಿದರು. ಹಿಂದಿದ್ದವರು ಹಾರಿದರು, ಮೊಣಕಾಲು ತರಚಿಕೊಂಡರು, ಅಷ್ಟೇ, ದೇವರು ದೊಡ್ಡವನು. ಇವರು ಮಾತ್ರ ಸೀಟಿನಿಂದ ಎಡಕ್ಕೆ ಹಾರಿ ಸರಳಿಗೆ ಅಪ್ಪಳಿಸಿ ಎಡ ಭುಜದ ಮೂಳೆ ಮುರಿದುಕೊಂಡರು. ಇನ್ನೊಂದು ಕಡೆಗೆ ಜಾರಿದ್ದರೆ ನಾನು ಈ ವ್ಯಕ್ತಿಚಿತ್ರ ಬರೆಯುತ್ತಿರಲಿಲ್ಲ, ಬೇರೆ ಏನಾದರೂ ಮಾಡುತ್ತಿದ್ದೆ.

ಮಾವ ನೋಡಲು ಬಂದರು. ಆರೆಂಜು ತಂದಿದ್ದರು. ನಾನು ಕಾಫಿ ಕೊಡಲಿಲ್ಲ. ರಜಾಕ್ ತಂದಿಟ್ಟಿದ್ದ ಮುರಿದ ಕ್ರ್ಯಾಂಕಿನ ಎರಡು ತುಂಡುಗಳನ್ನೂ ಜಗಲಿಗೆ ಎಳೆದು ಅವರ ಕಾಲ ಬುಡದಲ್ಲಿ ಹಾಕಿದೆ. ಮನುಷ್ಯ ಅಂದಮೇಲೆ ಏನಾದರೂ ಅನ್ನಬೇಕಲ್ಲ? ಅಯ್ಯೋ ಅನ್ನಬಹುದು, ತಪ್ಪಾಯಿತು ಅನ್ನಬಹುದು. ಅವರು ದೊಡ್ಡ ತುಂಡನ್ನು ಜೀಪಿನ ಹೊದಿಕೆಯ ಹಗ್ಗದಲ್ಲಿ ಕಟ್ಟಿ ಜಗಲಿಯ ಜಂತಿಗೆ ತೂಗುಹಾಕಿದರು. ಬೆರಳೆತ್ತಿ, ಕಣ್ಣು ಮುಚ್ಚಿ, ಕೋಲಿನ ತುದಿಯ ಲೋಹದಿಂದ ಬಡಿದರು. ಟಣ್ಣ್ ಎಂದಿತು.

“ನೋಡು, ಈಗಲೂ ನಾದ ಸರಿಯಾಗೇ ಇದೆ” ಅಂದರು.

ನನಗೆ ನಾಚಿಕೆ ಬಿಟ್ಟುಹೋಯಿತು. “ಮುರಿದ ಮೂಳೆಯೂ ಇಲ್ಲೇ ಇದೆ ಮಾವ, ಅದನ್ನೂ ಒಂದು ಬಡಿದು ನೋಡಿ” ಅಂದೆ. ಒಳಗಿನಿಂದ ಇವರು, “ಏ, ಸುಮ್ನಿರ್” ಅಂದರು. ಮಾವ ಆರೆಂಜಿನ ಚೀಲವನ್ನು ಅಲ್ಲೇ ಬಿಟ್ಟು ಹೋದರು. ಆರೆಂಜು ತಿಂದೆವು, ಹುಳಿ ಇತ್ತು.

ತುಂಡನ್ನು ನಾನು ಬಸ್ಸಿನಲ್ಲಿ ಮೈಸೂರಿನ ಒಂದು ಲೇತ್ ಶಾಪಿಗೆ ಹೊತ್ತೊಯ್ದೆ. ಅಲ್ಲಿ ಕುಳಿತಿದ್ದವನು ಎಲೆಯಡಿಕೆ ತುಂಬಿದ ಬಾಯಿಯಲ್ಲೇ ಗದರಿದ. ಕ್ರ್ಯಾಂಕಿನ ದುಂಡು ಭಾಗ ಪಕ್ಕದ ಗೋಡೆಗೆ ಸೇರುವ ಸಂದಿಯಲ್ಲಿ ಒಂದು ಸಣ್ಣ ಗುಂಡನೆಯ ತಿರುವು ಇರಬೇಕಂತೆ. ಹೊಸತರಲ್ಲಿ ಅದು ಇದ್ದೇ ಇರುತ್ತದೆ. ಹಳೆಯದನ್ನು ಬೇಕಾಬಿಟ್ಟಿ ಅರೆದವರು ಅದನ್ನು ತಿಂದುಹಾಕಿ ಚೂಪು ಮೂಲೆ ಮಾಡಿಬಿಡುತ್ತಾರೆ. ಭಾರ ಬಿದ್ದು ಬಿದ್ದು ಆ ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ. “ಬಡಿದಾಗ ಬಿರುಕು ಇರಲಿಲ್ಲ, ಅದಕ್ಕೇ ನಾದ ಬಂತು. ಬಿರುಕು ಹುಟ್ಟೋ ಜಾಗ ಇತ್ತು. ಜಾಗಕ್ಕೆ ಸದ್ದು ಇರುತ್ತಾ? ಬೆರಳಿಟ್ಟು ನೋಡ್ಬೇಕು, ಅಳತೆ ಹಿಡೀಬೇಕು, ಬಾಗಿದೆಯಾ ಅಂತ ತಿರುಗಿಸಿ ನೋಡ್ಬೇಕು, ಹಳೇದಾದ್ರೆ ಅಯಸ್ಕಾಂತದ ಪುಡಿ ಹಾಕಿ ಬಿರುಕು ಪರೀಕ್ಷೆ ಮಾಡಿಸ್ಬೇಕು. ಯಾರಮ್ಮಾ ಇದನ್ನ ಆರಿಸಿದ ಪುಣ್ಯಾತ್ಮ?” ಅಂದ. ನಮ್ಮ ಊರಿನ ಮಾನ ಕಳೆಯುವುದು ಬೇಡವೆಂದು, “ಗೊತ್ತಿಲ್ಲ” ಅಂದೆ.

ನಾನು ಕಂಪೆನಿಯ ಹೊಸ ಕ್ರ್ಯಾಂಕ್ ತರಿಸಿ ರಜಾಕಿನ ಗ್ಯಾರೇಜಿಗೆ ಕಳಿಸಿದೆ. ಜೋಡಿಸುವ ದಿನ ಹೋಗಿ ನೋಡಿದರೆ ಜಂತಿಗೆ ಇನ್ನೊಂದು ಗುಜರಿ ಕ್ರ್ಯಾಂಕ್ ತೂಗುತ್ತಿದೆ! ಪಕ್ಕದಲ್ಲಿ ಮಾವ. ಕುತ್ತಿಗೆಗೆ ಪಟ್ಟಿ ಹಾಕಿ ಕೈ ತೂಗುಬಿಟ್ಟ ನನ್ನ ಗಂಡ ಅವರ ಪಕ್ಕದಲ್ಲಿ, ಮೇಷ್ಟ್ರ ಮುಂದೆ ಪಾಠ ಒಪ್ಪಿಸುವವರ ಹಾಗೆ. ನನಗೆ ಬಂದ ಸಿಟ್ಟಿಗೆ ಮಂಜೂ ಬಿಸಿಯಾಗಬೇಕಿತ್ತು.

“ಹೋದ ಸಲದ್ದು ಗಾಡಿ ಓಡಿಸಿದ್ದರಲ್ಲಿ ಹೆಚ್ಚುಕಮ್ಮಿ ಆಯ್ತು. ಇದು ಅದಕ್ಕಿಂತ ಮೇಲು” ಎಂದು ಮಾವ ಬಡಿದರು. ನಾದ ಹರಿಯಿತು. ಆಮೇಲೆ ಮರದ ಬೆಂಚಿನ ಮೇಲೆ ಕಾಗದ ಹಾಸಿ ಮಲಗಿಸಿದ್ದ ಹೊಸ ಕ್ರ್ಯಾಂಕಿಗೂ ಒಂದು ಕೊಟ್ಟರು. ಥಡ್ ಅಂದಿತು. “ಕೇಳಿದ್ಯಾ? ಹೆಣ.”

ಇವರ ಮುಖ ಬಾಡಿತು. ನನ್ನ ಕಡೆ ತಿರುಗಿ, “ಎಂತ ಮಾಡ್ದು?” ಅಂದರು. ಇಷ್ಟಾದ ಮೇಲೂ ಎಂಥ ಮಾಡುವುದು ಎಂದು ಕೇಳುತ್ತಿದ್ದಾರೆ! ಮುರಿದ ಭುಜ ಕುತ್ತಿಗೆಯಲ್ಲಿ ತೂಗುತ್ತಿದೆ, ಕಿವಿ ಇನ್ನೂ ಮಾವನ ಕಡೆಗೇ ಇದೆ.

“ಬೆಂಚಿನ ಮೇಲೆ ಮಲಗಿಸಿ ಬಡಿದರೆ ತಲಕಾವೇರಿಯ ಗಂಟೆಯೂ ಥಡ್ ಅಂತದೆ” ಅಂದೆ. “ರಜಾಕ್, ಹಗ್ಗಕ್ಕೆ ಕಟ್ಟು.”

ರಜಾಕ್ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ, ಕಟ್ಟಿದ. ಸ್ಪ್ಯಾನರ್ ನಾನೇ ತೆಗೆದುಕೊಂಡೆ. ಬೆರಳೆತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ. ಹೊಸತೂ ಹಾಗೆಯೇ ಟಣ್ಣನೆ ಹರಿಯಿತು. ಮಾವ, “ಪರವಾಗಿಲ್ಲ. ಆದ್ರೆ ಶ್ರುತಿ ಸ್ವಲ್ಪ ಮೇಲಿದೆ” ಅಂದರು. ಬೆಟ್ಟ ಹತ್ತುವ ಜೀಪಿಗೆ ಶ್ರುತಿ!

ನಾನು ಇವರ ಒಳ್ಳೆಯ ಕೈಯನ್ನು ಹಿಡಿದು, ಹೆಬ್ಬೆರಳನ್ನು ಗುಜರಿ ಕ್ರ್ಯಾಂಕಿನ ಸಂದಿಗೆ ಒತ್ತಿದೆ. ಕತ್ತಿಯಿಂದ ಕೊಯ್ದ ಹಾಗೆ ಚೂಪು. ಹೊಸದರ ಸಂದಿಗೆ ಒತ್ತಿದೆ. ನುಣ್ಣಗೆ ತಿರುಗಿತ್ತು. “ಹೋದದ್ದು ಎಲ್ಲಿ ಮುರಿದದ್ದು, ಹೇಳಿ” ಅಂದೆ. ಇವರು ಮತ್ತೆ ಹಳೆಯದಕ್ಕೆ ಬೆರಳಿಟ್ಟರು, ಮತ್ತೆ ಹೊಸತಕ್ಕೆ. ಮಾವನ ಕಡೆ ತಿರುಗದೆ, “ಹೊಸದೇ ಹಾಕು ರಜಾಕ್” ಅಂದರು.

“ಆಗಲಿ, ಆಗಲಿ. ಇನ್ನು ಇಂಜಿನ್ನಿಗೂ ಹೆಂಗಸರನ್ನೇ ಕೇಳಿ” ಎಂದು ಮಾವ ಕೋಲೂರಿಕೊಂಡು ಹೋದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಇವರು ದಾರಿಯಲ್ಲಿ ಸಿಕ್ಕಿದರೆ ಜೀಪು ನಿಲ್ಲಿಸಿ ಕರೆಯುತ್ತಿದ್ದರು, ಅವರು ಹತ್ತುತ್ತಿರಲಿಲ್ಲ. ಇವರಿಗೆ ಅದೇ ಕೊರಗು. “ದೊಡ್ಡವರ ಮನಸ್ಸು ನೋಯಿಸಿದ್ವಿ” ಎಂದು ಅಂಗಿಯ ತೋಳು ಹಾಕಿಕೊಳ್ಳುವಾಗಲೂ ಹೇಳುತ್ತಿದ್ದರು. ಭುಜ ನೋಯುತ್ತಿದ್ದದ್ದು ಇವರದು, ನೊಂದ ಮನಸ್ಸು ಅವರದಂತೆ.

ಮುರಿದ ಕ್ರ್ಯಾಂಕಿನ ದೊಡ್ಡ ತುಂಡನ್ನು ಮೇಲಿನ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಬಂದು ಕೇಳಿದ. ಕೆಲಸದವರ ಲೈನ್ ಮನೆಗಳ ಮುಂದೆ ತೂಗುಹಾಕಿದ್ದ ರೈಲುಕಂಬಿಯ ತುಂಡನ್ನು ಯಾರೋ ಕದ್ದು ಗುಜರಿಗೆ ಹಾಕಿದ್ದರಂತೆ, ಕೆಲಸದವರನ್ನು ಕರೆಯಲು ಬಡಿಯುವುದಕ್ಕೆ ಏನೂ ಇರಲಿಲ್ಲ. ಪೀಡೆ ತೊಲಗಲಿ ಎಂದು ಕೊಟ್ಟೆ. ಸಿಲ್ವರ್ ಓಕ್ ಮರಕ್ಕೆ ಕಟ್ಟಿದರು. ಅಂದಿನಿಂದ ಬೆಳಿಗ್ಗೆ ಕೆಲಸದವರು ಕಾಫಿ ಪಿಕಿಂಗಿಗೆ ಹೊರಡುವ ಹೊತ್ತಿಗೆ ಅದರ ಸದ್ದು ನಮ್ಮ ಮನೆಯವರೆಗೂ ಬರುತ್ತದೆ. ಮಾವನ ಮನೆ ಅದಕ್ಕೆ ಇನ್ನೂ ಹತ್ತಿರ. ಸೊಸೈಟಿಗೆ ಹೋಗುವಾಗ ಒಮ್ಮೆ ನೋಡಿದೆ. ಗಂಟೆ ಬಡಿಯುತ್ತಿತ್ತು. ಮಾವ ಗೇಟಿನ ಹತ್ತಿರ ನಿಂತು, ಬೆರಳೆತ್ತಿ, ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ, ತೀರ್ಪು ಕೇಳುವವರು ಯಾರೂ ಇರಲಿಲ್ಲ. ಸದ್ದು ಆರಿದ ಮೇಲೆ ಬೆರಳು ಇಳಿಸಿ ಒಳಗೆ ಹೋದರು. ನಾನು ಯಾಕೋ ಮರೆಯಲ್ಲಿ ನಿಂತು ಅವರು ಒಳಗೆ ಹೋಗುವವರೆಗೆ ಕಾದೆ.

ತಿಥಿಯ ದಿನ ಊರೆಲ್ಲ ಸೇರಿತ್ತು. ಊಟದ ಮೊದಲು ಒಬ್ಬೊಬ್ಬರೇ ಎದ್ದು ಹೊಗಳಿದರು. ಇಂಜಿನಿಯರುಗಳಿಗೂ ಇಲ್ಲದ ಜ್ಞಾನವಂತೆ, ಕಬ್ಬಿಣದ ಜೊತೆ ಮಾತಾಡುತ್ತಿದ್ದರಂತೆ. ನಾನು ಬಾಳೆಎಲೆಯ ತುದಿ ಸೀಳುತ್ತಾ ಕುಳಿತಿದ್ದೆ. ಕೊನೆಗೆ ಅವರ ಜೊತೆ ಸೈನ್ಯದಲ್ಲಿದ್ದವರೊಬ್ಬರು, ಹಾಸನದ ಕಡೆಯ ಮುದುಕರು, ಕಣ್ಣೊರೆಸಿಕೊಂಡು ಎದ್ದರು.

“ಇಂಜಿನ್ ವಿಷ್ಯ ನಂಗೊತ್ತಿಲ್ಲ ಕಣ್ರಪ್ಪಾ” ಅಂದರು. “ನಾವಿಬ್ರೂ ಇದ್ದಿದ್ದು ರೆಜಿಮೆಂಟಿನ ಬ್ಯಾಂಡಲ್ಲಿ. ಅವ್ನು ತುತ್ತೂರಿ, ನಾನು ಡ್ರಮ್ಮು. ಏನ್ ಕಿವಿ ಅಂತೀರಿ! ಇಡೀ ಬ್ಯಾಂಡಲ್ಲಿ ಯಾವನ ವಾದ್ಯ ಒಂದೆಳೆ ತಪ್ಪಿದ್ರೂ ಬೆರಳೆತ್ತೋನು. ಬ್ಯಾಂಡ್ ಮೇಷ್ಟ್ರೇ ಅವನ್ನ ಕೇಳಿ ಶ್ರುತಿ ಮಾಡೋರು.”

ರಜಾಕ್ ತಲೆ ತಗ್ಗಿಸಿ ಲೋಟದೊಳಗೆ ನೋಡಿದ. ನನಗೆ ತಡೆಯಲಾಗದೆ ನಗು ಉಕ್ಕಿತು, ಸೆರಗು ಬಾಯಿಗೆ ತುರುಕಿದೆ. ಇವರು ದುರುಗುಟ್ಟಿ ನೋಡಿದರು.

ಜೀಪು ಮನೆಯ ಅಂಗಳಕ್ಕೆ ಬಂದು ನಿಂತ ಮೇಲೂ ಇವರು ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ, “ಹಂಗಾರೆ ಅಷ್ಟು ವರ್ಷ ಊರಿನವ್ರೆಲ್ಲ ತುತ್ತೂರಿಯವ್ರನ್ನ ಕೇಳಿ ಇಂಜಿನ್ ಕಟ್ಟಿಸಿದ್ದಾ?” ಅಂದರು. ಹೌದು ಅನ್ನಲು ಬಾಯಿ ತೆರೆದೆ. ಇವರು ಬಲಗೈಯಿಂದ ಎಡ ಭುಜವನ್ನು ಒತ್ತಿ ಹಿಡಿದುಕೊಂಡಿದ್ದರು. ಮುಚ್ಚಿದೆ.

ಮರುದಿನ ಬೆಳಿಗ್ಗೆ ಎಸ್ಟೇಟಿನ ಗಂಟೆ ಬಡಿಯಿತು. ಇವರು ಬೆಟ್ಟಕ್ಕೆ ಹೊರಡಲು ಅಂಗಿಗೆ ಕೈ ಹಾಕುತ್ತಿದ್ದರು, ನಾನು ತೋಳು ಹಿಡಿದಿದ್ದೆ. ಇಬ್ಬರೂ ಸದ್ದು ಆರುವವರೆಗೆ ಹಾಗೆಯೇ ನಿಂತೆವು. ತೋಟದ ದಾರಿಯಲ್ಲಿ ಕೆಲಸದವರ ಮಾತು ಕೇಳತೊಡಗಿತು. ಇವರು ಜೀಪು ಹತ್ತಿ ಹೊರಟರು. ಇಂಜಿನ್ ತಿರುವು ದಾಟುವವರೆಗೂ ನಾನು ಕಿವಿಗೊಟ್ಟು ನಿಂತೆ.

ಮಾವನಿಗೆ ನನ್ನ ಮನಸ್ಸಿನಲ್ಲಿ ಕ್ಷಮೆ ಇಲ್ಲ, ಇನ್ನು ಹುಟ್ಟುವುದೂ ಇಲ್ಲ. ಆದರೆ ಒಂದು ಮಾತು ಹೇಳಲೇಬೇಕು. ವಿರಾಜಪೇಟೆಯ ಆ ಗುಜರಿಯಲ್ಲಿ ಅವರು ಆರಿಸಿದ್ದು ಒಳ್ಳೆಯ ಗಂಟೆಯನ್ನೇ. ಅದನ್ನು ನನ್ನ ಗಂಡನ ಇಂಜಿನ್ನಿಗೆ ಹಾಕಿಸಿದರು.